ಕದಿರಪ್ಪನ ಹಾಜರಿ ಕೂಗುವವರು ಯಾರು?

ಬೆಳಗಿನ ಆರೂವರೆ. ಆಂಡರ್ಸನ್‌ಪೇಟೆಯ ಗಲ್ಲಿಯೊಂದರಲ್ಲಿ, ಚಿನ್ನದ ಗಣಿಯ ನಿವೃತ್ತ ಕಾರ್ಮಿಕ ಪೆರುಮಾಳ್ ಅವರ ಜಗಲಿಯ ಮೇಲೆ ಅರುಣಕುಮಾರಿ ಮೊಬೈಲಿನ ರೆಕಾರ್ಡರ್ ಒತ್ತಿ ಕೇಳುತ್ತ ಕೂತಿದ್ದಾರೆ. ಪೆರುಮಾಳ್ ಅವರದು ಗಣಿಯ ಧೂಳು ಕುಡಿದ ಎದೆ. ಬಿಸಿಲೇರಿದರೆ ಕೆಮ್ಮು ಮಾತಾಡಲು ಬಿಡುವುದಿಲ್ಲ. ಅದಕ್ಕೇ ಅರುಣಕುಮಾರಿ ಕಾಮಸಮುದ್ರದ ಕಡೆಯಿಂದ ಮೊದಲ ಬಸ್ಸು ಹಿಡಿದು ಬರುತ್ತಾರೆ.

ಅವರು ರಾಬರ್ಟ್‌ಸನ್‌ಪೇಟೆಯ ಹಳೆಯ ಕಾಲೇಜೊಂದರ ಗ್ರಂಥಾಲಯದಲ್ಲಿ ಹಂಗಾಮಿ ಸಹಾಯಕಿ. "ನನ್ ಎಸ್ರು ಆಕ್ಕೊಳ್ಳಿ ಅಣ್ಣ, ಕಾಲೇಜಿಂದು ಬ್ಯಾಡ" ಎನ್ನುತ್ತಾರೆ. ಅವರ ನೌಕರಿ ಪ್ರತಿ ಜೂನ್‌ನಲ್ಲೂ ಯಾರದೋ ಸಹಿಗೆ ಕಾಯುತ್ತದೆ, ಹಾಗಾಗಿ ಯಾಕೆಂದು ನಾನು ಕೇಳಲಿಲ್ಲ.

ಆ ಕಾಲೇಜಿನಲ್ಲೊಂದು ಪದ್ಧತಿಯಿದೆ. ವರ್ಷಕ್ಕೊಮ್ಮೆ ಹಳೆಯ ವಿದ್ಯಾರ್ಥಿಗಳೆಲ್ಲ ಬಂದು ತಮ್ಮ ಬೆಂಚುಗಳಲ್ಲಿ ಕೂರುತ್ತಾರೆ. ತೀರಿಹೋದ ಸಹಪಾಠಿಗಳ ಹಾಜರಿ ಕೂಗುತ್ತಾರೆ. ಹೆಸರು ಬಂದಾಗ ಗೆಳೆಯರೋ ಮನೆಯವರೋ ಎದ್ದು, ಕನ್ನಡವೋ ತಮಿಳೋ ತೆಲುಗೋ, ತಮಗೆ ಬಂದ ಮಾತಿನಲ್ಲಿ ಓಗೊಡುತ್ತಾರೆ. ಯಾರೂ ಉಳಿಯದವರ ಪರವಾಗಿ ಎದ್ದು ನಿಲ್ಲುವವರು ಅರುಣಕುಮಾರಿ.

ಈ ಪದ್ಧತಿಯನ್ನು ನಂಬಲರ್ಹ ಆಧಾರಗಳೊಂದಿಗೆ ಬರೆಸಿ ಪುಸ್ತಕ ಮಾಡುವುದೆಂದು ಹಳೆಯ ವಿದ್ಯಾರ್ಥಿಗಳ ಸಂಘ ಎರಡು ವರ್ಷದ ಹಿಂದೆ ತೀರ್ಮಾನಿಸಿತು. ಭಾಷಣ ಪದಾಧಿಕಾರಿಗಳು ಮಾಡಿದರು, ಕೆಲಸವನ್ನು ಇವರ ತಲೆಗೆ ಕಟ್ಟಿದರು. ಪಾಪ, ಇವರು 'ಆಧಾರ' ಎಂಬ ಮಾತನ್ನು ನಿಜವೆಂದೇ ನಂಬಿದರು. ರಜೆಯ ದಿನಗಳಲ್ಲಿ ಬಂಗಾರಪೇಟೆ, ಆಂಡರ್ಸನ್‌ಪೇಟೆಯ ಹಿರಿಯರ ಮನೆಗಳನ್ನೆಲ್ಲ ಅಲೆದರು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳದೆ, ಬೇರೆ ಬೇರೆಯಾಗಿ ಕೇಳಿದರು. "ನಾವೇ ಎಸ್ರು ಏಳ್ಕೊಟ್ರೆ ವಯಸ್ಸಾದೋರು ಊಂ ಅಂದ್ಬುಡ್ತಾರೆ. ಅದ್ನ ಸಾಕ್ಷಿ ಅನ್ನಕಾಯ್ತದಾ?"

ಹಾಗೆ ಕೇಳುತ್ತ ಹೋದಾಗ ಎಲ್ಲರ ಬಾಯಲ್ಲೂ ತಾನಾಗಿ ಬಂದದ್ದು ಕದಿರಪ್ಪನ ಹೆಸರು. ಕಾಮಸಮುದ್ರದ ಕಡೆಯ ಹುಡುಗ, ಮೊದಲ ವರ್ಷದಲ್ಲೇ ಓದು ಬಿಟ್ಟು ಗಣಿಗೆ ಇಳಿದವನು. ಕೆಲವೇ ತಿಂಗಳಲ್ಲಿ ಒಳಗೆ ಬಂಡೆ ಸಿಡಿದು ಸತ್ತ. ಮರುದಿನ ಹಾಜರಿ ಮುಗಿದ ಮೇಲೆ, ಅವನ ಹೆಸರನ್ನೂ ಕೂಗಿ ಎಂದು ಹುಡುಗರು ಮೇಷ್ಟ್ರನ್ನು ಬೇಡಿಕೊಂಡರು. ಮೇಷ್ಟ್ರು ಕೂಗಿದರು.

"ನಾನೇ ಎದ್ದು 'ಉಳ್ಳೇನ್ ಸಾರ್', ಇದೀನಿ ಸಾರ್ ಅಂತ ತಮಿಳ್ನಾಗೆ ಅಂದೆ. ಅವನ್ ನನ್ ಪಕ್ಕದಾಗೆ ಕೂತ್ಕೊಳ್ತಿದ್ದ" ಎನ್ನುತ್ತಾರೆ, ಗಣಿಗೆ ಇಳಿಯುವ ಮೊದಲು ಅದೇ ತರಗತಿಯಲ್ಲಿ ಓದುತ್ತಿದ್ದ ಪೆರುಮಾಳ್. ಪದ್ಧತಿ ಹುಟ್ಟಿದ್ದು ಹೀಗೆ. ಅಂದಿನ ಪತ್ರಿಕೆಯಲ್ಲಿ ಬಂದ ಸಾವಿನ ಸುದ್ದಿಯೂ ಇವರೆಲ್ಲರ ಮಾತಿಗೆ ಹೊಂದುತ್ತದೆ.

ಇನ್ನು ಸಂಘದ ವರಸೆ ಕೇಳಿ. ಹಾಜರಿಯಲ್ಲೂ ಪುಸ್ತಕದಲ್ಲೂ ಪದವಿ ಮುಗಿಸಿದವರ ಹೆಸರು ಮಾತ್ರ ಇರಬೇಕಂತೆ. ಕದಿರಪ್ಪ ಓದು ಮುಗಿಸಲಿಲ್ಲ, ಆದ್ದರಿಂದ ಅವನು ಹಳೆಯ ವಿದ್ಯಾರ್ಥಿಯೇ ಅಲ್ಲವಂತೆ. ಪದ್ಧತಿಯನ್ನು ಶುರುಮಾಡಿದ್ದು ಒಬ್ಬ ಇಂಗ್ಲಿಷ್ ಪ್ರಾಂಶುಪಾಲರಂತೆ. ಹಾಗೊಬ್ಬರು ಅಲ್ಲಿದ್ದರೆಂಬುದಕ್ಕೇ ಒಂದು ಚೂರು ಕಾಗದ ಸಿಕ್ಕಿಲ್ಲ. ಇದಕ್ಕೆ ಆಧಾರವೇನೆಂದು ಕಾರ್ಯದರ್ಶಿಯನ್ನು ಕೇಳಿದೆ. ಎಲ್ಲರಿಗೂ ಗೊತ್ತಿರುವ ವಿಷಯ ಎಂದರು. ಪೆರುಮಾಳ್ ಹೇಳಿದ್ದು? ಅದು ಬರೀ ಬಾಯಿಮಾತು ಎಂದರು. ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು. ಬಡವರ ಮನೆಯ ಹುಡುಗನ ಸಾವಿನಿಂದ ಹುಟ್ಟಿದ ಪದ್ಧತಿಗೆ ಸೂಟು ತೊಡಿಸಿ, ಅವನನ್ನೇ ಬಾಗಿಲ ಹೊರಗೆ ನಿಲ್ಲಿಸುವ ಇವರಿಗೆ ನಾಚಿಕೆಯಾದರೂ ಬೇಡವೇ?

ಕಳೆದ ವರ್ಷವೇ ಹೊಸ ನಿಯಮ ಜಾರಿಯಾಯಿತು. ಕದಿರಪ್ಪನ ತಂಗಿ ಮುನಿಗಂಗಮ್ಮ ಪ್ರತಿ ವರ್ಷದಂತೆ ಬಂದು ಕೊನೆಯ ಬೆಂಚಿನಲ್ಲಿ ಸೆರಗು ಸರಿಮಾಡಿಕೊಂಡು, ಅಣ್ಣನ ಹೆಸರಿಗೆ ಏಳಲು ಕಾದರು. ಹೆಸರು ಬರಲೇ ಇಲ್ಲ. ಎಲ್ಲರೂ ಊಟಕ್ಕೆ ಬನ್ನಿ ಎಂದು ಮೈಕಿನಲ್ಲಿ ಹೇಳಿದರು. ಆ ಎಪ್ಪತ್ತು ದಾಟಿದ ಹೆಂಗಸು ತುತ್ತು ಅನ್ನವನ್ನೂ ಮುಟ್ಟದೆ ಬಸ್ಸು ಹತ್ತಿದರು.

ಈಗ ಪುಸ್ತಕ ಅಚ್ಚಿಗೆ ಹೊರಟಿದೆ. ಎಲ್ಲ ಆಧಾರಗಳನ್ನೂ ಪರಿಶೀಲಿಸಲಾಗಿದೆ ಎಂಬ ಸಾಲಿನ ಕೆಳಗೆ ಅರುಣಕುಮಾರಿ ಸಹಿ ಹಾಕಬೇಕಂತೆ. ಆಗುವುದಿಲ್ಲ ಎಂದು ಹೇಳಿ ಬಂದಿದ್ದಾರೆ. ಜೂನ್‌ನಲ್ಲಿ ನೋಡಿಕೊಳ್ಳೋಣ ಎಂಬ ಉತ್ತರವೂ ಬಂದಿದೆ.

ಈ ವರ್ಷದ ಹಾಜರಿ ಬರುವ ಭಾನುವಾರ. ಹೋಗುತ್ತೀರಾ ಎಂದು ಕೇಳಿದೆ.

"ಓಗ್ದೆ ಇರ್ತೀನಾ? ಇಷ್ಟ್ ವರ್ಸ ಯಾರ್ಯಾರಿಗೋ ನಾನು ಓ ಅಂದೀನಿ. ಈ ಸಲ ಕದಿರಪ್ಪನ್ ಎಸ್ರು ನಾನೇ ಎದ್ದು ಕೂಗ್ತೀನಿ. ಓ ಅನ್ನಕೆ ಮುನಿಗಂಗಮ್ಮಜ್ಜಿ ಬತ್ತವ್ರೆ."