ಅಕ್ಕಾರು ಹೇಳಿದ ಫೌಲ್

ನಾಲ್ಕು ವರ್ಷಗಳ ಹಿಂದೆ ನಾನು ಧಾರವಾಡದ ಮಾಳಮಡ್ಡಿಯಲ್ಲಿ, ವೃದ್ಧರನ್ನು ಆರೈಕೆ ಮಾಡುವ ಒಂದು ನರ್ಸಿಂಗ್ ಹೋಮ್‌ನಲ್ಲಿ ಹಿರಿಯ ಫಿಜಿಯೋಥೆರಪಿಸ್ಟ್ ಆಗಿದ್ದೆ. ಆ ಬೇಸಿಗೆಯಲ್ಲಿ ಎಪ್ಪತ್ತೊಂಬತ್ತರ ಶಾಂತಾಬಾಯಿ ನಮ್ಮಲ್ಲಿಗೆ ಬಂದರು. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಪಿ.ಟಿ. ಟೀಚರ್ ಆಗಿದ್ದವರು, ಹುಡುಗಿಯರ ಬಾಯಲ್ಲಿ 'ಅಕ್ಕಾರು'. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಚೆನ್ನಾಗಿಯೇ ಆಗಿತ್ತು, ಆದರೆ ಅವರು ನೆಲಕ್ಕೆ ಕಾಲಿಡಲು ಒಪ್ಪಲಿಲ್ಲ.

ಆ ವಯಸ್ಸಿನಲ್ಲಿ ಹಾಸಿಗೆಯಲ್ಲೇ ಉಳಿದರೆ ಸ್ನಾಯು ಸೊರಗುತ್ತದೆ, ಬೆನ್ನು ಹುಣ್ಣಾಗುತ್ತದೆ, ಎದೆಯಲ್ಲಿ ಕಫ ಕಟ್ಟುತ್ತದೆ. ಮೂರು ವಾರ ಗೋಗರೆದೆ. ನೋಡಲು ಬಂದವರೆಲ್ಲ ಸೇಬು ಇಟ್ಟು, "ಪಾಪ, ಹೆಂಗಿದ್ದವರು ಹೆಂಗಾದ್ರಿ" ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು. ಅವರು ಹೋದ ಮೇಲೆ ಶಾಂತಾಬಾಯಿ ಗೋಡೆಯತ್ತ ಮುಖ ತಿರುಗಿಸಿಬಿಡುತ್ತಿದ್ದರು.

ಒಂದು ಭಾನುವಾರ ಸಂಜೆ ಅರವತ್ತರ ಆಸುಪಾಸಿನ ಆರು ಹೆಂಗಸರು ಒಟ್ಟಿಗೆ ಬಂದರು. ಶಾಂತಾಬಾಯಿ ಶಾಲೆಯಲ್ಲಿ ಕಲಿಸಿದ ಹಳೆಯ ಖೋ-ಖೋ ತಂಡ! ಒಮ್ಮೆಗೆ ಇಬ್ಬರೇ ಒಳಗೆ ಹೋಗಬೇಕೆಂದು ತಡೆದೆ.

"ಇಬ್ಬರಽ ಕೂಡಿ ಖೋ-ಖೋ ಆಡಾಕ ಬರ್ತದೇನ್ರಿ?" ಎನ್ನುತ್ತ ಕಮಲಾ ಎಂಬಾಕೆ ನನ್ನನ್ನು ದಾಟಿ ನಡೆದರು. ಉಳಿದ ಐವರೂ ಹಿಂದೆಯೇ.

ಒಳಗೆ ಯಾರೂ ಆರೋಗ್ಯ ವಿಚಾರಿಸಲಿಲ್ಲ.

"ಅಕ್ಕಾರ, ಜಿಲ್ಲಾ ಫೈನಲ್‌ನ್ಯಾಗ ನನ್ನ ಕಾಲು ಗೆರಿ ದಾಟಿದ್ದಿಲ್ಲ. ನೀವು ಸುಮ್ನ ಫೌಲ್ ಅಂದ್ರಿ, ನಾವು ಸೋತ್ವಿ," ಎಂದರು ಕಮಲಾ.

ಬೆನ್ನಟ್ಟುವಾಗ ನಡುಗೆರೆ ದಾಟಿದರೆ ಔಟ್ ಲೆಕ್ಕಕ್ಕಿಲ್ಲ. ಅಂದು ಅಂಪೈರ್ ಅದನ್ನು ನೋಡಿರಲಿಲ್ಲ. ಸ್ವಂತ ತಂಡದ ತಪ್ಪನ್ನು ಶಾಂತಾಬಾಯಿಯೇ ಎದ್ದು ಹೇಳಿದ್ದರಂತೆ.

ಗೋಡೆಯತ್ತಲಿದ್ದ ಮುಖ ಇತ್ತ ತಿರುಗಿತು. "ದಾಟಿತ್ತು."

"ಇಲ್ರಿ ಅಕ್ಕಾರ. ನಲವತ್ತೈದು ವರ್ಷದಿಂದ ಹೇಳಾಕತ್ತೇನಿ."

"ಖರೇನಽ ದಾಟಿತ್ತು! ವಾಕರ್ ತಾರವಾ ಇಲ್ಲೆ, ತೋರಸ್ತೇನಿ," ಎಂದು ನನ್ನತ್ತ ಕೈ ಚಾಚಿದರು.

ವಾಕರ್ ತಂದು ಮುಂದಿಟ್ಟೆ. ಅವರ ಸೊಂಟಕ್ಕೆ ಬೆಲ್ಟ್ ಕಟ್ಟಿ ಹಿಡಿದುಕೊಂಡೆ. ಅವರು ನಿಂತರು. ಒಂದು ಹೆಜ್ಜೆ, ಎರಡು, ಮೂರು. ನಾಲ್ಕನೆಯದಕ್ಕೆ ನೆಲದ ಫರಸಿಕಲ್ಲುಗಳ ಸಂದಿಯಾಚೆ ಹೆಬ್ಬೆರಳನ್ನು ಒತ್ತಿಟ್ಟು, "ಇಷ್ಟು! ಕಣ್ಣು ಬಿಟ್ಟು ನೋಡು!" ಎಂದು ಗದರಿದರು.

"ಒಪ್ಪಿದೆ ಅಕ್ಕಾರ, ಫೌಲ್," ಎಂದ ಕಮಲಾ ಕಣ್ಣೊರೆಸಿಕೊಂಡರು. ಎಲ್ಲರೂ ಎಷ್ಟು ಜೋರಾಗಿ ನಕ್ಕರೆಂದರೆ, ಪಕ್ಕದ ಕೋಣೆಯ ಅಜ್ಜ ಏನಾಯಿತೆಂದು ನೋಡಲು ಬಂದರು.

ಎರಡು ತಿಂಗಳಲ್ಲಿ ಶಾಂತಾಬಾಯಿ ಕೋಲೂರಿಕೊಂಡು ಮನೆಗೆ ಹೋದರು. ನಾನು ಕಲಿತ ವ್ಯಾಯಾಮಗಳು ಕಾಲಿಗೆ ಬಲ ಕೊಡುತ್ತವೆ, ಸರಿ. ಆದರೆ ಏಳಬೇಕೆನ್ನಿಸಲು ಮನುಷ್ಯನಿಗೆ ಒಂದು ಕಾರಣ ಬೇಕು. ಅದನ್ನು ಕನಿಕರ ಕೊಡಲಾರದು. ನಮ್ಮನ್ನು ಇನ್ನೂ ಲೆಕ್ಕಕ್ಕಿಟ್ಟು ವಾದಕ್ಕೆ ನಿಲ್ಲುವವರು ಕೊಡಬಲ್ಲರು.