ಚೌಕಾಸಿಗೆ ಬಗ್ಗದ ಗಂಜಿ

ಶಿರಾ ಸಂತೆಯಲ್ಲಿ ಉಣ್ಣೆ ಮಾರುವವನು ಹೇಳಿದ ಮೊದಲ ಬೆಲೆಗೇ ನಾನು ಒಪ್ಪಿ ತಲೆಯಾಡಿಸಿದೆ. ಅವನೇ ಗಾಬರಿಯಾದ. "ಯಾಕಣ್ಣ, ಮೈ ನೆಟ್ಟಗಿಲ್ವಾ?" ಅಂದ. ಆಗ ಹಣೆ ಮುಟ್ಟಿ ನೋಡಿಕೊಂಡೆ. ಸುಡುತ್ತಿತ್ತು.

ನಮ್ಮೂರು ಮಧುಗಿರಿಗೆ ಗಾಡಿಯಲ್ಲಿ ಮಲಗಿಕೊಂಡು ಬಂದೆ. ನಾಲ್ಕು ದಿನ ಕಷಾಯ ಕುಡಿದೆ. ಜ್ವರ ಇಳಿಯಲಿಲ್ಲ. ಐದನೆಯ ದಿನ ಆಸ್ಪತ್ರೆಯ ಡಾಕ್ಟರು ಮನೆಗೇ ಬಂದರು. ಥರ್ಮಾಮೀಟರ್ ಇಟ್ಟರು, ನಾಲಿಗೆ ನೋಡಿದರು, ಹೊಟ್ಟೆ ಅಮುಕಿದರು.

"ಟೈಫಾಯಿಡ್."

ಎಷ್ಟಾದರೂ ಆಗಲಿ, ಒಳ್ಳೆಯ ಔಷಧಿ ಕೊಡಿ ಎಂದೆ. ಇದಕ್ಕೆ ಇನ್ನೂ ಯಾರೂ ಔಷಧಿ ಕಂಡುಹಿಡಿದಿಲ್ಲ, ಪಥ್ಯವೇ ಔಷಧಿ ಎಂದರು. ಕರುಳಿನಲ್ಲಿ ಹುಣ್ಣಾಗಿರುತ್ತದೆ, ಜ್ವರ ಬಿಟ್ಟ ಮೇಲೂ ಅದು ಮಾಯಲು ದಿನ ಹಿಡಿಯುತ್ತದೆ, ಹಸಿವು ಮಾತ್ರ ಅದಕ್ಕೆ ಮೊದಲೇ ಬಂದುಬಿಡುತ್ತದೆ. ಆಗ ಗಟ್ಟಿ ಆಹಾರ ಹೊಟ್ಟೆಗೆ ಬಿದ್ದರೆ ಕರುಳು ತೂತಾಗುತ್ತದೆ. "ಆಮೇಲೆ ನನ್ನನ್ನು ಕರೆಸಿ ಪ್ರಯೋಜನವಿಲ್ಲ," ಎಂದರು. ಸೋಸಿದ ಗಂಜಿ, ಬಾರ್ಲಿ ನೀರು, ಮಜ್ಜಿಗೆಯ ತಿಳಿ. ಅಷ್ಟೇ. ತಾವು ಬಂದು ಹೇಳುವವರೆಗೆ ಬೇರೆ ಏನೂ ಕೂಡದು.

"ಗಂಜಿ ಸೋಸುವವರು ಯಾರು?" ಎಂದು ಕೇಳಿದರು. ನನ್ನ ಹೆಂಡತಿ ಗಂಗಮ್ಮ ಬಾಗಿಲಲ್ಲಿ ನಿಂತಿದ್ದ ಕೆಂಚಮ್ಮನನ್ನು ತೋರಿಸಿದಳು. ಡಾಕ್ಟರು ಅವಳಿಗೆ ಎಲ್ಲವನ್ನೂ ಇನ್ನೊಂದು ಸಲ ಹೇಳಿದರು.

ಕೆಂಚಮ್ಮನ ವಿಷಯ ಹೇಳಬೇಕು. ನಮ್ಮದು ಕಂಬಳಿ ನೇಯುವ ಮನೆ. ಬರಿಗೈಯಲ್ಲಿ ಊರಿಗೆ ಬಂದು ನಾಲ್ಕು ಮಗ್ಗ ಮಾಡಿಕೊಂಡವನು ನಾನು. ಮೊದಲನೆಯದನ್ನು ಚನ್ನರಾಯನದುರ್ಗದಲ್ಲಿ ತೀರಿಕೊಂಡ ಒಬ್ಬ ಮುದುಕನ ಮನೆಯಿಂದ ಕೊಂಡೆ. ಮಗ್ಗವನ್ನು ಗಾಡಿಗೆ ಹೇರಿದ ಮೇಲೆ ಅವನ ಮಗಳು ಕೆಂಚಮ್ಮ ಅದರ ಪಕ್ಕ ಹತ್ತಿ ಕುಳಿತಳು. ಇಳಿ ಎಂದರೆ ಇಳಿಯಲಿಲ್ಲ. ಮೂವತ್ತು ದಾಟಿದ ಹೆಂಗಸು. ಎಣಿಕೆ ಬಾರದು, ವಾರ ತಿಥಿ ತಿಳಿಯದು. ಊರವರು ಪೆದ್ದಿ ಎನ್ನುತ್ತಿದ್ದರು. ಅವಳನ್ನೂ ಸಾಕಬೇಕಲ್ಲ ಎಂದು ಹೇಳಿ ಮಗ್ಗದ ಬೆಲೆಯನ್ನು ಇನ್ನಷ್ಟು ಇಳಿಸಿಕೊಂಡೆ. ಈಗ ಅದನ್ನು ಬರೆಯಲು ನಾಚಿಕೆಯಾಗುತ್ತದೆ.

ಮಗ್ಗಕ್ಕೆ ಉದ್ದುದ್ದ ಬಿಗಿಯುವ ಹಾಸಿನ ನೂಲಿಗೆ ಹುಣಸೆ ಬೀಜ ಬೇಯಿಸಿದ ಅಂಟು ಹಚ್ಚುತ್ತೇವೆ. ಅದರಲ್ಲಿ ಒಂದು ಗಂಟು ಉಳಿದರೂ ನೂಲು ಕೆಡುತ್ತದೆ. ಅವಳ ಅಪ್ಪ ಅವಳಿಗೆ ಕಲಿಸಿದ್ದು ಅದೊಂದೇ ಕೆಲಸ: ಬಟ್ಟೆಯಲ್ಲಿ ಸೋಸು, ಬೆರಳಲ್ಲಿ ತಿಕ್ಕಿ ನೋಡು, ಗಂಟಿದ್ದರೆ ಚೆಲ್ಲು, ಮತ್ತೆ ಸೋಸು. ಅವಸರವಿದೆ ಎಂದು ನಾನು ಕೂಗಾಡಿದರೂ ಅವಳು ಒಂದು ಸಲವೂ ಬಿಟ್ಟುಕೊಟ್ಟವಳಲ್ಲ. ಆಮೇಲೆ ಉಣ್ಣೆ ಹಿಂಜಲು ಅವಳಂಥವನೇ ಆದ ಮುದ್ದಣ್ಣ ಬಂದ, ನಲವತ್ತರ ಆಳು. ಎಲ್ಲರಿಗೂ ಒಂದೇ ಸೂರು, ಒಂದೇ ಒಲೆ.

ಮಲಗಿದ ದಿನಗಳಲ್ಲಿ ನೋಡಲು ಬಂದವರು ತಾಸುಗಟ್ಟಲೆ ಕುಳಿತು ಯಾರು ಯಾರು ಯಾವ ಜ್ವರದಲ್ಲಿ ಹೋದರೆಂದು ಹೇಳುತ್ತಿದ್ದರು. ಮುದ್ದಣ್ಣ ಬೆಳಿಗ್ಗೆ ಬಾಗಿಲಿಗೆ ಬಂದು, "ಅಣ್ಣೋ, ಇದ್ದೀಯಾ?" ಎನ್ನುವನು.

"ಇದ್ದೀನಿ ಕಣೋ."

"ಸರಿ ಬುಡು," ಎಂದು ಕೆಲಸಕ್ಕೆ ಹೋಗುವನು. ರೋಗಿಯನ್ನು ನೋಡಲು ಹೋಗುವವರು ಅವನಿಂದ ಕಲಿಯಬೇಕು.

ಇಪ್ಪತ್ತೊಂದನೆಯ ದಿನ ಜ್ವರ ಬಿಟ್ಟಿತು. ಹಸಿವು ಹಿಡಿಯಿತು. ಅಂಥ ಹಸಿವನ್ನು ನಾನು ಬಡತನದಲ್ಲೂ ಕಂಡಿರಲಿಲ್ಲ. ಪಕ್ಕದ ಮನೆಯಲ್ಲಿ ಮುದ್ದೆ ತೊಳಸುವ ಸದ್ದು ಕೇಳಿದರೆ ಬಾಯಲ್ಲಿ ನೀರೂರಿ, ಕಣ್ಣಲ್ಲೂ ನೀರು ಬರುತ್ತಿತ್ತು.

"ಗಂಗಾ, ಒಂದು ಮುದ್ದೆ."

"ಡಾಕ್ಟ್ರು ಬ್ಯಾಡ ಅಂದವ್ರೆ."

"ಅರ್ಧ."

"ಸುಮ್ಕಿರಿ."

"ನಿಂಬೆಹಣ್ಣಿನಷ್ಟು. ಅಷ್ಟಕ್ಕೆ ಯಾರೂ ಸಾಯಲ್ಲ."

ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಎದುರಿನವರು ಯಾವಾಗ ಸಡಿಲವಾಗುತ್ತಾರೆಂದು ವ್ಯಾಪಾರಿಗೆ ಗೊತ್ತಾಗುತ್ತದೆ. ಆಗಲೇ ಪಟ್ಟನಾಯಕನಹಳ್ಳಿಯಿಂದ ಬಂದಿದ್ದ ಅವಳ ತಮ್ಮ ಸಿದ್ದಪ್ಪ ದಾರಿ ತೋರಿಸಿದ. "ಮುದ್ದೆನ ಗಂಜಿಯೊಳ್ಗೇ ಕಿವುಚಿ ಕೊಟ್ರೆ ಅದೂ ಗಂಜಿನೇ ತಾನೆ ಬಾವ?" ಆ ವಾದ ನನಗೆ ಬಹಳ ಹಿಡಿಸಿತು. ಗಂಗಮ್ಮ ಎದ್ದು ಹಿತ್ತಲಿಗೆ ಹೋದಳು.

ಸಿದ್ದಪ್ಪ ಕಿವುಚಿ ತಂದ ಬಟ್ಟಲನ್ನು ಕೆಂಚಮ್ಮ ನಡುಮನೆಯಲ್ಲೇ ಹಿಡಿದುಕೊಂಡಳು.

"ಸೋಸಿವ್ನಿ ಬುಡಮ್ಮ," ಅಂದ ಸಿದ್ದಪ್ಪ.

ಅವಳು ಬೆರಳದ್ದಿ ತಿಕ್ಕಿ ನೋಡಿದಳು. "ಗಂಟು ಐತೆ."

ನನ್ನ ಕಣ್ಣೆದುರಿಗೇ ಬಟ್ಟೆಗೆ ಸುರಿದು ಸೋಸಿದಳು. ಮೇಲೆ ಉಳಿದದ್ದನ್ನು ಹಿತ್ತಲಿನ ಕೋಳಿಗಳಿಗೆ ಹಾಕಿದಳು. ತಿಳಿಯನ್ನು ಇನ್ನೆರಡು ಸಲ ಸೋಸಿ ತಂದು ನನ್ನ ಮುಂದೆ ಹಿಡಿದಳು.

ನನಗೆ ಎಲ್ಲಿಂದ ಬಂತೋ ಶಕ್ತಿ. "ನನ್ ಮನೇಲಿದ್ಕಂಡು ನನ್ ಹೊಟ್ಟೆ ಮೇಲೇ ಹೊಡೀತೀಯಾ? ಎದ್ದೋಗು. ಮುಖ ತೋರಿಸ್ಬ್ಯಾಡ," ಎಂದು ಕಿರುಚಿದೆ.

ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಗಂಜಿ ಕುಡಿ ಅಣ್ಣ, ಆರೋಯ್ತದೆ," ಅಂದಳು.

ಡಾಕ್ಟರು ಪಾವಗಡದ ಕಡೆ ಕ್ಯಾಂಪ್ ಹೋಗಿದ್ದರು. ಬರುವುದು ಎಂಟು ದಿನವಾಯಿತು. ಎಂಟು ದಿನವೂ ತಿಳಿ ಗಂಜಿಯೇ. ನಡುವೆ ಒಂದು ದಿನ ಗಂಗಮ್ಮ ಮಂಚದ ಪಕ್ಕ ಕುಳಿತು ಮುಚ್ಚಿಟ್ಟಿದ್ದ ಸುದ್ದಿ ಹೇಳಿದಳು. ಹಿಂದಿನ ಬೀದಿಯ ಗಾಣದವನಿಗೂ ಇದೇ ಜ್ವರ ಬಂದಿತ್ತು. ಬಿಟ್ಟಿತ್ತು. ಹಸಿವು ಎಂದು ಅತ್ತನಂತೆ. ಹೆತ್ತ ಕರುಳು ತಾಳದೆ ತಾಯಿ ಅನ್ನ ಕಲಸಿ ಉಣ್ಣಿಸಿದಳಂತೆ.

ಎರಡನೆಯ ದಿನ ತೀರಿಕೊಂಡ.

ಅಂದಿನಿಂದ ನಾನು ಬಟ್ಟಲು ಬಂದ ಕೂಡಲೇ ಕುಡಿದೆ. ಒಂದು ಮಾತು ಹೇಳುತ್ತೇನೆ, ಇಟ್ಟುಕೊಳ್ಳಿ. ಈ ಜ್ವರ ಬಿಟ್ಟವನ ಅಡಿಗೆ ಮನೆಗೆ ಅವನ ಮೇಲೆ ಹೆಚ್ಚು ಮರುಕವಿರುವವರನ್ನು ಬಿಡಬೇಡಿ. ಜಾಣರನ್ನಂತೂ ಬಿಡಲೇಬೇಡಿ. ಹೇಳಿದ್ದನ್ನು ಹೇಳಿದಂತೆ ಮಾಡುವವರು ಸಿಕ್ಕರೆ ಅವರ ಕಾಲು ಹಿಡಿಯಿರಿ. ನಮ್ಮ ಮನೆಯಲ್ಲಿ ಅಂಥವಳು ಮೊದಲೇ ಇದ್ದಳು. ಅದು ನನ್ನ ಅದೃಷ್ಟ, ನನ್ನ ಜಾಣತನವಲ್ಲ.

ಡಾಕ್ಟರು ಬಂದು ಹೊಟ್ಟೆ ಅಮುಕಿ ನೋಡಿ, ಮೆತ್ತಗೆ ಬೇಯಿಸಿದ ಅನ್ನ ಕೊಡಬಹುದು ಎಂದರು. ಕೆಂಚಮ್ಮ ನಂಬಲಿಲ್ಲ.

"ಗಂಟಿದ್ರೆ?"

"ಇರಲಿ ತಾಯಿ. ಇನ್ನು ಪರವಾಗಿಲ್ಲ."

ಅವಳೇ ಅನ್ನ ಹಿಸುಕಿ ತಂದಳು. ನಾಲ್ಕು ತುತ್ತು. ಉಪ್ಪು ಕಡಿಮೆಯಾಗಿತ್ತು. ಹೇಳಲಿಲ್ಲ.

ಮೊನ್ನೆ ಮೊದಲ ಸಲ ಕೋಲು ಹಿಡಿದು ಮಗ್ಗದ ಮನೆಯವರೆಗೆ ನಡೆದೆ. ಕಾಲು ಕಡ್ಡಿಯಂತಾಗಿದೆ, ಕೂದಲು ಕೈಗೆ ಕೈಗೆ ಬರುತ್ತದೆ. ಬಾಗಿಲ ಪಕ್ಕ ಒಂದು ಬಟ್ಟೆ ಮೂಟೆ ಇತ್ತು. ಯಾರದು ಎಂದೆ.

"ಕೆಂಚಮ್ಮಂದು," ಅಂದಳು ಗಂಗಮ್ಮ. "ಎದ್ದೋಗು ಅಂದ್ರಲ್ಲ, ಅವತ್ತೇ ಕಟ್ಟವ್ಳೆ. ಅಣ್ಣ ಓಡಾಡಂಗಾಗ್ಲಿ, ಆಮೇಕೆ ಹೋಯ್ತೀನಿ ಅಂತವ್ಳೆ. ನಾನೇಳಿದ್ರೆ ಕೇಳಾಕಿಲ್ಲ."

ಹೊರಗೆ ಕೆಂಚಮ್ಮ ಅಂಟು ಸೋಸುತ್ತಿದ್ದಳು. ಗೋಡೆ ಹಿಡಿದುಕೊಂಡು ಅವಳ ಹತ್ತಿರ ಹೋದೆ.

"ಹೋಗ್ಬ್ಯಾಡ ಕಣಮ್ಮ. ನಾನಂದಿದ್ದು ತಪ್ಪು."

ಅವಳು ನನ್ನ ಕಾಲುಗಳನ್ನೂ ಕೋಲನ್ನೂ ನೋಡಿದಳು. ಕೈಯನ್ನು ಸೀರೆಗೆ ಒರೆಸಿಕೊಂಡಳು. ಒಳಗೆ ಹೋಗಿ ಮೂಟೆ ಬಿಚ್ಚಿ ಸೀರೆಗಳನ್ನು ಗಳುವಿನ ಮೇಲೆ ಹಾಕಿ ಬಂದು ಮತ್ತೆ ಕುಳಿತಳು.

"ನಾಳಿಕ್ಕೆ ಎಷ್ಟು ಅನ್ನ ಇಕ್ಲಿ?" ಎಂದು ಕೇಳಿದಳು.

"ನೀನು ಇಕ್ಕಿದಷ್ಟು," ಎಂದೆ.