ಲಿಂಬಿಹಣ್ಣು ತುಳಿಯೋ ಬೋಟ್

ದೋಸ್ತ್ರೇ, ಇವತ್ತು ಅವ್ವನ್ನ, ಹೆಂಡತೀನ ಕರ್ಕೊಂಡು ಹೋಗಿ ಎರಡು ಬೋಟ್ ನೋಡಿ ಬಂದೀನಿ. ಹೋಗೋಮುಂದ ಇದ್ದ ಗೊಂದಲ ಬರೋಮುಂದ ದುಪ್ಪಟ್ಟಾಗೈತಿ.

ಸಿಂಧನೂರಾಗ ಹಳೆ ಮಷೀನ್ ಮಾರೋ ಶೆಡ್ಡಿನ್ಯಾಗ ಎರಡು ಸಣ್ಣ ಮೋಟಾರ್ ಬೋಟ್ ಬಂದಾವ. ಐತವಾರಕ್ಕೊಮ್ಮೆ ಮನಿಮಂದಿನೆಲ್ಲ ಕೃಷ್ಣಾ ಹಿನ್ನೀರಾಗ ತಿರುಗಾಡಸಬೇಕಂತ ನನ್ನ ಆಸೆ. ಒಂದು ಬೋಟ್ ಕಿರಿದು, ಓಟ ಜೋರು. ಇನ್ನೊಂದು ಅಗಲ, ಮ್ಯಾಲೆ ನೆರಳಿಗೆ ತಾಡಪತ್ರಿ. ನಾ ಕಿರಿದರ ಮುಂದ ನಿಂತೆ.

"ಬುತ್ತಿಗಂಟು ಎಲ್ಲಿಡ್ಲಿ, ನಿಮ್ಮ ತಲಿಮ್ಯಾಲ?" ಅಂದ್ಲು ನನ್ನ ಹೆಂಡತಿ. ಅಗಲಾದ್ದರ ಹಂತ್ಯಾಕ ಹೋದ್ವಿ. ಮತ್ತ ಕಿರಿದರ ಹಂತ್ಯಾಕ ಬಂದ್ವಿ. ಹಿಂಗ ಒಂದು ತಾಸು.

ಅಷ್ಟರಾಗ ನಮ್ಮವ್ವ ಚೀಲದಾಗಿಂದ ಎರಡು ಲಿಂಬಿಹಣ್ಣು ತಗದು, ಬೋಟಿನ ಬುಡಕ್ಕ ಬಗ್ಗಿ ನೋಡಿದ್ಲು. "ಗಾಲೀನ ಇಲ್ಲಲ್ಲೋ! ಲಿಂಬಿಹಣ್ಣು ತುಳೀದ ಹೊಸ ಗಾಡಿ ಮನಿಗೆ ಹೆಂಗ ಬರ್ತೈತಿ?"

ಶೆಡ್ಡಿನ ಸಾಹುಕಾರ ಮೂಲ್ಯಾಗಿನ ಟ್ರೇಲರ್ ತೋರಿಸಿದ. "ಯವ್ವಾ, ಬೋಟ್ ಒಯ್ಯಾಕ ಇದು ಐತಿ. ಎರಡು ಗಾಲಿ ಅದಾವ ನೋಡ್ರಿ."

"ಇದು ಯಾವ ಬೋಟಿಂದಪಾ? ಆ ಬೋಟನ್ನ ಕೊಡು."

"ಎರಡಕ್ಕೂ ಹೊಂದತೈತ್ರಿ."

ಅವ್ವ ಒಂದು ಗಳಿಗಿ ವಿಚಾರ ಮಾಡಿದ್ಲು. "ಹಂಗಾದ್ರ ಸದ್ಯಕ್ಕ ಇದನ್ನಷ್ಟ ಕೊಡು. ಬೋಟ್ ಇವರು ಆಮ್ಯಾಲೆ ನೋಡ್ಕೋತಾರ."

ನಾ ನಗಬೇಕು ಅನ್ನೋದ್ರಾಗ ಹೆಂಡತಿ, "ಅತ್ತಿ ಹೇಳೋದು ಖರೇನ ಐತ್ರಿ" ಅಂದ್ಲು.

ಈಗ ಮಸ್ಕಿಯೊಳಗ ನಮ್ಮ ಮನಿ ಮುಂದ ಬರೇ ಟ್ರೇಲರ್ ನಿಂತೈತಿ, ಕುಂಕುಮ ಹಚ್ಚಿಸ್ಕೊಂಡು, ಲಿಂಬಿಹಣ್ಣು ತುಳಿದು. ಓಣಿ ಮಂದಿ ಏನು ತಂದೀರಿ ಅಂತ ಕೇಳಾಕತ್ತಾರ. ಬೋಟಿನ ಕೆಳಗಿನ ಅರ್ಧ ಅಂತ ಹೇಳಾಕತ್ತೀನಿ. ಮ್ಯಾಲಿನ ಅರ್ಧ ಯಾವುದಂತ ನನಗೂ ಗೊತ್ತಿಲ್ಲ.